ಹಳದಿ ಜೀವ ಯಾರ ಪಾಲಿಗೆ?

ಜೀವ ಕೊಟ್ಟವನಿಗೆ ಮೊದಲ ನಮಸ್ಕಾರ. ಕೊಟ್ಟ ಜೀವಗಳನ್ನೆಲ್ಲ ಇದು ನಿನ್ನದು, ಅದು ನನ್ನದು ಎಂದು ಶಾಸ್ತ್ರಗಳಾಗಿ ಹಂಚಿಕೊಂಡವರಿಗೆ ಎರಡನೆಯ ನಮಸ್ಕಾರ. ಈ ಎರಡು ನಮಸ್ಕಾರಗಳ ನಡುವೆ ಸಿಕ್ಕಿಕೊಂಡ ಒಬ್ಬ ಹೆಣ್ಣುಮಗಳು ಸೂಟ್‌ಕೇಸು ತುಂಬಿಸಿಕೊಂಡು ತವರಿಗೆ ಹೊರಟು ನಿಂತ ಕಥೆ ಇದು.

ಕಾಲೇಜಿನ ಹಿಂಬದಿಯ ಬೀದಿಯಲ್ಲಿ ಒಂದು ಮನೆ. ಆ ಮನೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಜೀವಶಾಸ್ತ್ರದವರೇ. ಹಿರಿಯರಾದ ಅಪ್ಪ ನಿವೃತ್ತರಾಗುವವರೆಗೂ ಸೂಕ್ಷ್ಮಾಣುಜೀವಿಗಳ ಪಾಠ ಹೇಳಿದವರು. ಬರಿಗಣ್ಣಿಗೆ ಕಾಣುವ ಯಾವುದರ ಮೇಲೂ ಅವರಿಗೆ ಅಷ್ಟಾಗಿ ಗೌರವವಿರಲಿಲ್ಲ. ಹಿರಿಯ ಮಗ ಸಸ್ಯಶಾಸ್ತ್ರದವನು, ಬೀದಿಯವರ ಬಾಯಲ್ಲಿ ಎಲೆಯಣ್ಣ. ಅವನ ಹೆಂಡತಿ ಶಿಲೀಂಧ್ರಶಾಸ್ತ್ರದವಳು. ಅಣಬೆ, ಬೂಷ್ಟು, ಹುದುಗು ಎಲ್ಲ ಅವಳ ಪಾಲು, ಆದ್ದರಿಂದ ಅಣಬೆ ಅತ್ತಿಗೆ. ಮದುವೆಯ ಗೊಡವೆ ಬೇಡವೆಂದು ಮನೆಯಲ್ಲೇ ಉಳಿದ ಮಗಳು ಕೀಟಶಾಸ್ತ್ರದವಳು, ಹುಳದಕ್ಕ. ಕೊನೆಯವನು ಪಳೆಯುಳಿಕೆಗಳನ್ನು ಓದಿಕೊಂಡವನು. ಕೋಟ್ಯಂತರ ವರ್ಷಗಳ ಹಿಂದೆ ಸತ್ತು, ಮಣ್ಣಾಗಿ, ಮಣ್ಣೂ ಕಲ್ಲಾಗಿ ಉಳಿದ ಶಂಖ, ಮೀನು, ಜರೀಗಿಡಗಳೇ ಅವನ ಬಂಧುಬಳಗ. ಅವನಿಗೆ ಕಲ್ಲುರಾಯ ಎಂದು ಹೆಸರಿಟ್ಟದ್ದು ಯಾರೋ ತಿಳಿಯದು. ಆದರೆ ಆ ಹೆಸರು ಅವನ ಮೈಗೆ ಹೊಲಿಸಿದ ಅಂಗಿಯ ಹಾಗೆ ಕೂತುಬಿಟ್ಟಿತ್ತು.

ಈ ಮನೆಯಲ್ಲಿ ಅಪ್ಪ ಮಾಡಿದ ಒಂದು ಕಟ್ಟಳೆ ಇತ್ತು. ಮನೆಯೊಳಗೆ ಯಾವ ಜೀವಿ ಕಾಣಿಸಿಕೊಂಡರೂ ಅದು ಯಾರ ಶಾಸ್ತ್ರಕ್ಕೆ ಸೇರಿದೆಯೋ ಅವರೇ ಅದರ ವ್ಯವಹಾರ ನೋಡಿಕೊಳ್ಳಬೇಕು. ಬೇರೆಯವರು ಮುಟ್ಟಕೂಡದು. ಮುಟ್ಟಿದರೆ ಅದು ಇನ್ನೊಬ್ಬರ ವಿದ್ಯೆಗೆ ಮಾಡಿದ ಅವಮಾನ.

ಹಾಗಾಗಿ ತರಕಾರಿ ಹೆಚ್ಚುವುದು ಎಲೆಯಣ್ಣನ ಕೆಲಸ. ಅವನು ಬದನೆಕಾಯಿ ಹಿಡಿದುಕೊಂಡು, "ಇದು ನಿಜವಾಗಿ ಹಣ್ಣು, ಗೊತ್ತಾ?" ಎಂದು ಶುರು ಮಾಡಿದರೆ ಊಟ ಮಧ್ಯಾಹ್ನದಿಂದ ಸಂಜೆಗೆ ಸರಿಯುತ್ತಿತ್ತು. ಹಾಲು ಕಾಯಿಸುವುದು, ಪಾತ್ರೆ ತೊಳೆಯುವುದು ಅಪ್ಪನದು, ಏಕೆಂದರೆ ಅವೆರಡರಲ್ಲೂ ಸೂಕ್ಷ್ಮಾಣುಗಳಿವೆ. ಅವರು ಹಾಲನ್ನು ಕಾಯಿಸುವ ಪರಿಗೆ ಅದು ತಾನು ಹಾಲೆಂಬುದನ್ನೇ ಮರೆಯುತ್ತಿತ್ತು. ಬ್ರೆಡ್ಡಿಗೆ ಬೂಷ್ಟು ಬಂದರೆ ಅಣಬೆ ಅತ್ತಿಗೆ ಬಂದು ನೋಡುವವರೆಗೂ ಎಸೆಯುವ ಹಾಗಿರಲಿಲ್ಲ. ಅವಳು ನೋಡಿದ ಮೇಲಂತೂ ಎಸೆಯುವ ಹಾಗೇ ಇರಲಿಲ್ಲ. ಇರುವೆ ಸಾಲು ಬಂದರೆ ಹುಳದಕ್ಕ ಅವುಗಳನ್ನು ಕೊಲ್ಲದೆ, ಸಕ್ಕರೆಯ ಗೆರೆ ಎಳೆದು ನಯವಾಗಿ ಪಕ್ಕದ ಮನೆಯ ಗೋಡೆಗೆ ದಾಟಿಸಿ ಬರುತ್ತಿದ್ದಳು. ಹಲ್ಲಿಯ ಬಗ್ಗೆ ಬಹಳ ಕಾಲ ತಕರಾರಿತ್ತು. ಕೊನೆಗೆ, ತಿನ್ನುವುದು ಹುಳವನ್ನೇ ತಾನೆ ಎಂದು ಅದನ್ನೂ ಅಕ್ಕನ ಲೆಕ್ಕಕ್ಕೆ ಸೇರಿಸಿದರು. ಬೆಕ್ಕಿನ ಶಾಸ್ತ್ರದವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಎದುರುಮನೆಯ ಬೆಕ್ಕು ಹಾಡುಹಗಲೇ ಅಡುಗೆಮನೆಗೆ ನುಗ್ಗಿ, ಐವರು ವಿದ್ವಾಂಸರ ಕಣ್ಣೆದುರಿಗೇ ಕೆನೆ ತಿಂದು, ಮೀಸೆ ಒರೆಸಿಕೊಂಡು ಹೋಗುತ್ತಿತ್ತು.

ಕಲ್ಲುರಾಯನಿಗೆ ಕೆಲಸವೇ ಇರಲಿಲ್ಲ. ಅವನ ಶಾಸ್ತ್ರದ ಜೀವಿಗಳು ಸತ್ತು ಎಷ್ಟೋ ಯುಗಗಳಾಗಿದ್ದವು. ಅವುಗಳಲ್ಲಿ ಒಂದೂ ತಪ್ಪಿ ಕೂಡ ಅಡುಗೆಮನೆಯ ಮೋರಿಯಲ್ಲಿ ಕಾಣಿಸಿಕೊಳ್ಳಲಿಲ್ಲ. ಭಗವಂತ ಒಬ್ಬೊಬ್ಬರಿಗೆ ಒಂದೊಂದು ರೀತಿಯಲ್ಲಿ ವಿಶ್ರಾಂತಿ ಕರುಣಿಸುತ್ತಾನೆ. ಇವನಿಗೆ ಪಳೆಯುಳಿಕೆಗಳ ಮೂಲಕ ಕರುಣಿಸಿದ್ದ.

ಇಂಥ ಮನೆಗೆ ಕಲ್ಲುರಾಯನ ಹೆಂಡತಿಯಾಗಿ ಬಂದವಳು ಜೀವಶಾಸ್ತ್ರದ ಗಂಧಗಾಳಿ ಇಲ್ಲದ ಹುಡುಗಿ. ತಾಯಿ ನಡೆಸುವ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದವಳು. ಬಂದ ಮೊದಲ ವಾರವೇ ಅಪ್ಪ ಅವಳನ್ನು ಕರೆದು ಕೂರಿಸಿಕೊಂಡು ಕಟ್ಟಳೆಯನ್ನು ವಿವರಿಸಿದರು.

"ಜೀವ ಇರೋದನ್ನೆಲ್ಲ ನಾವು ಹಂಚಿಕೊಂಡಿದ್ದೀವಮ್ಮ. ನೀನೇನೂ ಚಿಂತೆ ಮಾಡ್ಬೇಡ."

"ಹಾಗಾದ್ರೆ ನನಗೇನು ಮಾವ?"

"ಜೀವ ಇಲ್ಲದ್ದು," ಎಂದರು ಅಪ್ಪ, ಬಹಳ ಉದಾರವಾಗಿ.

ಅವಳು ಸಂತೋಷದಿಂದ ತಲೆಯಾಡಿಸಿದಳು. ಜೀವವಿಲ್ಲದ್ದು ಎಂದರೆ ಎಷ್ಟಿರುತ್ತದೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಫ್ಯಾನು, ನಲ್ಲಿ, ಬಲ್ಬು, ಗ್ಯಾಸ್ ಸಿಲಿಂಡರು, ಕಿಟಕಿಯ ಗಾಜು, ಕರೆಂಟು, ಕಸ, ಧೂಳು, ಚಪ್ಪಲಿ, ಹಾಸಿಗೆ, ಮಹಡಿಯ ನೀರಿನ ಟ್ಯಾಂಕು, ಹೊರಗೆ ನಿಂತ ಸ್ಕೂಟರು, ಹೀಗೆ ದೇವರ ಸೃಷ್ಟಿಯಲ್ಲಿ ಉಸಿರಾಡದ ಸಮಸ್ತವೂ ಆ ಒಂದು ಮಾತಿನಲ್ಲಿ ಅವಳ ತಲೆಯ ಮೇಲೆ ಬಂದು ಕೂತಿತ್ತು. ತಿಂಗಳುಗಳು ಉರುಳಿದವು. ಅವಳು ಏಣಿಯ ಮೇಲಿಂದ ಇಳಿದದ್ದೇ ಕಡಿಮೆ.

ಅದನ್ನೂ ಅವಳು ಸಹಿಸಿಕೊಂಡಿದ್ದಳು. ಸಹನೆ ತಪ್ಪಿದ್ದು ಗಂಡನ ಕಲ್ಲುಗಳ ಕಪಾಟಿನ ಮುಂದೆ.

"ರೀ, ಇವು ನಿಮ್ಮ ಶಾಸ್ತ್ರದವು ತಾನೆ? ಇವುಗಳ ಧೂಳು ನೀವೇ ಒರೆಸಿಕೊಳ್ಳಿ."

ಕಲ್ಲುರಾಯ ಪುಸ್ತಕದಿಂದ ತಲೆಯೆತ್ತದೆ ಹೇಳಿದ, "ಅವು ಕಲ್ಲು ಕಣೇ. ಜೀವ ಇಲ್ಲ. ನಿನ್ನ ಪಾಲು."

"ನಿನ್ನೆ ಕಾಲೇಜಿನವರು ಬಂದಾಗ ಇವು ಜೀವಿಗಳು, ಜೀವಿಗಳು ಅಂತ ಒಂದೇ ಸಮ ಹೇಳ್ತಿದ್ರಲ್ಲ?"

"ಅದು ಶಾಸ್ತ್ರದ ಮಾತು. ಇದು ಧೂಳಿನ ಮಾತು."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ನಿಧಾನವಾಗಿ ಮಡಿಸಿ, ಮೀನಿನ ಕಲ್ಲಿನ ಮೇಲೆ ಇಟ್ಟಳು. ಆಮೇಲೆ ತಾಯಿಗೆ ಫೋನು ಮಾಡಿದಳು.

ತಾಯಿಗೆ ಈ ಸಂಬಂಧ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತೂ ಕೂತೂ ಆಕೆಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು: ಯಾರಾದರೂ ಎದುರಿಗೆ ತಪ್ಪು ಮಾತಾಡಿದರೆ ಸಾಕು, ಬಲಗಾಲು ತಾನಾಗಿ ನೆಲವನ್ನು ಒತ್ತಿ ಬ್ರೇಕು ಹಾಕುತ್ತಿತ್ತು. ಮದುವೆಯ ಮಾತುಕತೆಯಲ್ಲಿ ಕಲ್ಲುರಾಯ ಬಾಯಿ ತೆರೆದಾಗೆಲ್ಲ ಆ ಕಾಲು ಮೇಲೆದ್ದದ್ದೇ ಇಲ್ಲ. ಈಗ ಆಕೆ ಹೇಳಿದ್ದಿಷ್ಟೆ: "ಭಾನುವಾರ ಕಾರು ತಗೊಂಡು ಬರ್ತೀನಿ. ಸೂಟ್‌ಕೇಸ್ ರೆಡಿ ಮಾಡಿಟ್ಕೋ. ಎರಡನೇ ಕಾರು ಸುಮ್ಮನೆ ನಿಂತಿದೆ, ಕಲಿಸೋರಿಲ್ಲ."

ಆ ಸಂಜೆ ಹೆಂಡತಿ ಗಂಡನ ಎದುರಿಗೆ ಕೂತು ಹೇಳಿದಳು. ಕೂಗಾಡಲಿಲ್ಲ, ಅಳಲಿಲ್ಲ. ಕಾರು ಕಲಿಸುವವರ ದನಿಯೇ ಹಾಗೆ, ಎದುರಿಗೆ ಲಾರಿ ಬರುತ್ತಿದ್ದರೂ ಏರುವುದಿಲ್ಲ.

"ನೋಡಿ, ನಾನು ಬೇಡಿದ್ದು ದೊಡ್ಡದೇನಲ್ಲ. ಈ ಮನೇಲಿ ನೀವು ನಿಮ್ಮ ಕೈಯಾರೆ ನೋಡಿಕೊಳ್ಳೋದು ಒಂದೇ ಒಂದು ಇದ್ರೆ ತೋರಿಸಿ. ಒಂದು ಸಾಕು. ಭಾನುವಾರ ಅಮ್ಮ ಬರೋ ಹೊತ್ತಿಗೆ ತೋರಿಸಿದ್ರೆ ಇರ್ತೀನಿ. ಇಲ್ಲದಿದ್ರೆ ಹೋಗ್ತೀನಿ."

ಕಲ್ಲುರಾಯನಿಗೆ ಮೊದಲ ಬಾರಿಗೆ ಎದೆ ಧಸಕ್ಕೆಂದಿತು. ಅವನು ಅವಳನ್ನು ಪ್ರೀತಿಸುತ್ತಿರಲಿಲ್ಲವೆಂದಲ್ಲ. ಬಹಳವೇ ಪ್ರೀತಿಸುತ್ತಿದ್ದ. ಆದರೆ ಅವನ ಪ್ರೀತಿ ಅವನ ವಿದ್ಯೆಯ ಹಾಗೇ ಇತ್ತು. ಒಮ್ಮೆ ಸಿಕ್ಕಿದ್ದನ್ನು ಜೋಪಾನವಾಗಿ ಇಟ್ಟರೆ ಮುಗಿಯಿತು, ಅದು ಇಟ್ಟಲ್ಲೇ ಇರುತ್ತದೆ ಎಂದು ಅವನು ತಿಳಿದಿದ್ದ. ಕಲ್ಲುಗಳು ಅವನಿಗೆ ಯಾವತ್ತೂ ಬೇರೆ ಪಾಠ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ಎದ್ದು ಅವನು ಕೆಲಸ ಹುಡುಕಿಕೊಂಡು ಮನೆಯೆಲ್ಲ ಸುತ್ತಿದ. ಅಡುಗೆಮನೆಯಲ್ಲಿ ಸೊಪ್ಪಿಗೆ ಕೈ ಹಾಕಿದರೆ ಎಲೆಯಣ್ಣ ಚಾಕು ಎತ್ತಿ, "ಮುಟ್ಟಬೇಡ ಕಣೋ, ಅದು ನನ್ನ ಇಲಾಖೆ," ಎಂದ. ಲೋಟ ತೊಳೆಯಹೋದರೆ ಅಪ್ಪ, "ಅದರ ಅಂಚಿನಲ್ಲಿ ಎಷ್ಟು ಜೀವ ಇದೆ ಅಂತ ನಿನಗೆ ಗೊತ್ತೇನೋ?" ಎಂದು ಕಿತ್ತುಕೊಂಡರು. ಸೊಳ್ಳೆ ಹೊಡೆಯಲು ಕೈ ಎತ್ತಿದರೆ ಹುಳದಕ್ಕ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು.

"ಹೆಣ್ಣು ಸೊಳ್ಳೆ ಕಣೋ ಅದು, ಪಾಪ."

"ಅಕ್ಕಾ, ಅದು ನನ್ನ ರಕ್ತ ಕುಡೀತಿದೆ."

"ನಿನ್ನಿಂದ ಯಾರಿಗಾದ್ರೂ ಇಷ್ಟಾದ್ರೂ ಉಪಯೋಗವಾಯ್ತಲ್ಲ, ಬಿಡು."

ಧೂಳು ಒರೆಸೋಣವೆಂದು ಅವನಿಗೆ ಹೊಳೆಯಿತೇ ಎಂದು ನೀವು ಕೇಳಬಹುದು. ಹೊಳೆಯಲಿಲ್ಲ. ವಿದ್ಯೆ ಹೆಚ್ಚಾದಂತೆ ಕೆಲವು ಸುಲಭದ ಸಂಗತಿಗಳು ಕಣ್ಣಿನ ಹಿಂದಕ್ಕೆ ಸರಿದುಬಿಡುತ್ತವೆ. ಅದೂ ಭಗವಂತನ ಲೀಲೆಯೇ.

ಆಗ ಬಚ್ಚಲುಮನೆಯಿಂದ ಅಪ್ಪನ ಕೂಗು ಕೇಳಿಸಿತು.

ಮಳೆಗಾಲ. ಬಚ್ಚಲುಮನೆಯ ಮೂಲೆಯಲ್ಲಿ ಒಂದು ಹಳೆಯ ಮರದ ಹಲಗೆ ತೊಯ್ದು ಕಪ್ಪಾಗಿತ್ತು. ಅದರ ಮೇಲೆ ಹಳದಿಯದೊಂದು ಹರಡಿಕೊಂಡಿತ್ತು. ಯಾರೋ ಮೊಟ್ಟೆ ಒಡೆದು, ಕಲಸಿ, ಮನಸ್ಸು ಬದಲಿಸಿ ಬಿಟ್ಟು ಹೋದ ಹಾಗೆ. ಅಂಚಿನಲ್ಲಿ ಬೀಸಣಿಗೆಯಂತೆ ಸಣ್ಣ ಸಣ್ಣ ನರಗಳು. ಬಗ್ಗಿ ನೋಡಿದರೆ ಆ ನರಗಳೊಳಗೆ ಏನೋ ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ ತುಯ್ಯುತ್ತಿತ್ತು.

ಮನೆಮಂದಿಯೆಲ್ಲ ಬಚ್ಚಲುಮನೆಯಲ್ಲಿ ಸೇರಿದರು. ಕಲ್ಲುರಾಯನ ಹೆಂಡತಿ ಹಲ್ಲುಜ್ಜುವ ಬ್ರಷ್ಷು ಹಿಡಿದು ಬಾಗಿಲಲ್ಲಿ ನಿಂತಳು.

ಅಪ್ಪ ಸಭೆಯನ್ನು ಪ್ರಾರಂಭಿಸಿದರು. "ಬರಿಗಣ್ಣಿಗೆ ಕಾಣ್ತಿದೆ. ಆದ್ದರಿಂದ ನನ್ನದಲ್ಲ." ಹೇಳಿ ತಲೆಗೆ ಟವೆಲ್ ಸುತ್ತಿಕೊಂಡರು.

"ಹಸಿರಿಲ್ಲ, ಬೇರಿಲ್ಲ, ಎಲೆ ಇಲ್ಲ," ಎಂದ ಎಲೆಯಣ್ಣ. "ನನ್ನ ಹೆಸರು ಎತ್ತಲೇಬೇಡಿ. ಬೂಷ್ಟು ಇದ್ದ ಹಾಗಿದೆ. ಇವಳನ್ನ ಕೇಳಿ."

ಅಣಬೆ ಅತ್ತಿಗೆ ಮೂಗಿನ ಮೇಲೆ ಕನ್ನಡಕ ಏರಿಸಿ ಬಗ್ಗಿದವಳು, ಹಾವು ತುಳಿದವಳ ಹಾಗೆ ಹಿಂದೆ ಸರಿದಳು. "ಲೋಳೆ ಬೂಷ್ಟು ಅಂತಾರೆ ಇದನ್ನ. ಹೆಸರಿಗೆ ಮಾತ್ರ ಬೂಷ್ಟು. ಹಿಂದೆ ನಮ್ಮ ಪುಸ್ತಕದಲ್ಲೇ ಇತ್ತು, ಆಮೇಲೆ ನಮ್ಮ ಕುಲದ್ದಲ್ಲ ಅಂತ ಗೊತ್ತಾಗಿ ಹೊರಗೆ ಹಾಕಿದ್ರು. ಹೊರಗೆ ಹಾಕಿದೋರನ್ನ ಮತ್ತೆ ಒಳಗೆ ಸೇರಿಸಿಕೊಳ್ಳೋಕೆ ನಾನ್ಯಾರು? ಅದು ನಡೆಯುತ್ತೆ ಬೇರೆ. ನಡೆಯೋದೆಲ್ಲ ಪ್ರಾಣಿ ತಾನೆ? ಅಕ್ಕನ ಕಡೆಗೆ ಹೋಗಲಿ."

"ನಡೆಯುತ್ತಾ?" ಹುಳದಕ್ಕ ಕಣ್ಣರಳಿಸಿದಳು. "ಕಾಲೆಲ್ಲಿದೆ? ತೋರಿಸು. ಆರು ಕಾಲು ಇದ್ರೆ ಈಗಲೇ ಹೊತ್ತುಕೊಂಡು ಹೋಗ್ತೀನಿ. ಒಂದೂ ಇಲ್ಲ. ಹಲ್ಲೀನ ನನ್ನ ತಲೆಗೆ ಕಟ್ಟಿದ ಹಾಗೆ ಇದನ್ನೂ ಕಟ್ಟೋಕೆ ಬರಬೇಡಿ."

"ಹಾಗಾದ್ರೆ ಇದಕ್ಕೆ ಜೀವ ಇದೆಯೋ ಇಲ್ವೋ?" ಬಾಗಿಲಿನಿಂದ ಪ್ರಶ್ನೆ ಬಂತು. "ಇಲ್ಲ ಅಂದ್ರೆ ಹೇಳಿಬಿಡಿ. ನನ್ನ ಪಾಲಿಗೆ ತಾನೆ ಬರೋದು? ನಾನೇ ಒಂದು ಬಕೆಟ್ ನೀರು ಹಾಕ್ತೀನಿ."

ವಿದ್ವಾಂಸರೆಲ್ಲ ಒಟ್ಟಿಗೆ ಕಿರುಚಿದರು. ಜೀವ ಇತ್ತು. ಅದರಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ.

ಪ್ರಪಂಚವನ್ನು ಸೃಷ್ಟಿಸುವಾಗ ಆತ ಮೊದಲು ಇಲಾಖೆಗಳನ್ನು ಮಾಡಿ, ಆಮೇಲೆ ಅವುಗಳಿಗೆ ತಕ್ಕಂತೆ ಜೀವಿಗಳನ್ನು ತುಂಬಿದ್ದರೆ ಇಂಥ ಪ್ರಸಂಗ ಬರುತ್ತಿರಲಿಲ್ಲ. ಆತ ಹಾಗೆ ಮಾಡಲಿಲ್ಲ. ಕೈಗೆ ಬಂದದ್ದನ್ನು ಸಂತೋಷದಿಂದ ಮಾಡುತ್ತ ಹೋದ. ಗಿಡವಲ್ಲದ, ಪ್ರಾಣಿಯಲ್ಲದ, ಅಣಬೆಯೂ ಅಲ್ಲದ ಈ ಹಳದಿ ಮುದ್ದೆಯನ್ನೂ ಅಷ್ಟೇ ಅಕ್ಕರೆಯಿಂದ ಮಾಡಿ, ಒದ್ದೆ ಹಲಗೆಯೊಂದರ ಮೇಲೆ ಕೂರಿಸಿ, ಹೋಗಿ ಬಾ ಎಂದಿರಬೇಕು.

ಕಲ್ಲುರಾಯ ಎರಡು ಹೆಜ್ಜೆ ಮುಂದೆ ಬಂದ. ಗಂಟಲು ಸರಿಪಡಿಸಿಕೊಂಡ.

"ನನ್ನದು," ಎಂದ.

"ನಿನ್ನದಾ?" ಅಪ್ಪ ಹುಬ್ಬೇರಿಸಿದರು. "ಇನ್ನೂ ಸತ್ತಿಲ್ವಲ್ಲೋ."

"ಬಹಳ ಪುರಾತನ ವಂಶ, ಅಪ್ಪಾ. ಇವತ್ತಲ್ಲ ನಾಳೆ ನನ್ನ ಕಡೆಗೇ ಬರಬೇಕಾದ್ದು. ಸ್ವಲ್ಪ ಮೊದಲೇ ಬಂದಿದೆ ಅಷ್ಟೆ." ಬಾಗಿಲ ಕಡೆ ತಿರುಗಿ, ಎದೆಯುಬ್ಬಿಸಿ ಹೇಳಿದ, "ನೋಡೇ, ಇದನ್ನ ನಾನು ನೋಡಿಕೊಳ್ತೀನಿ. ಭಾನುವಾರ ಅತ್ತೆಗೆ ತೋರಿಸ್ತೀನಿ."

ಅವಳು ಬಾಯಲ್ಲಿದ್ದ ನೊರೆ ಉಗಿದು, "ನೋಡೋಣ," ಎಂದಳು. ಆದರೆ ಒಂದು ಗಳಿಗೆ ಅವಳ ಮುಖ ಹಗುರಾದದ್ದನ್ನು ಅತ್ತಿಗೆ ಕಂಡಳು.

ಅತ್ತಿಗೆ ಒಳ್ಳೆಯವಳು. ಅವನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟಳು: ತೇವ ಬೇಕು, ಕತ್ತಲು ಇಷ್ಟ, ಓಟ್ಸ್ ಹಾಕಿದರೆ ತಿನ್ನುತ್ತದೆ, ಆಗಾಗ ನೋಡುತ್ತಿರಬೇಕು. ಕಲ್ಲುರಾಯ ಎಲ್ಲದಕ್ಕೂ ಹೂಂಗುಟ್ಟಿದ. ಆಮೇಲೆ ತನಗೆ ಗೊತ್ತಿದ್ದುದನ್ನೇ ಮಾಡಿದ.

ಮೃದುವಾದ ಬ್ರಷ್ಷಿನಿಂದ ಅದರ ಸುತ್ತಲ ಕೊಳೆ ತೆಗೆದ. ಹಲಗೆಯ ಆ ತುಂಡನ್ನು ಹುಷಾರಾಗಿ ಕೊಯ್ದ. ಒದ್ದೆ ಪೇಪರಿನಲ್ಲಿ ಸುತ್ತಿ, ಒಂದು ಅಂಕಿ ಬರೆದ ಚೀಟಿ ಅಂಟಿಸಿ, ಮಲಗುವ ಕೋಣೆಯ ಕಪಾಟಿನ ಕೆಳಗಿನ ಡ್ರಾಯರಿನಲ್ಲಿ, ಒಂದು ಶಂಖಕ್ಕೂ ಒಂದು ಮೀನಿನ ಬಾಲಕ್ಕೂ ನಡುವೆ ಇಟ್ಟು, ಮುಚ್ಚಿ, ಕೈ ತೊಳೆದುಕೊಂಡ. ಅವನ ಬದುಕಿನಲ್ಲಿ ಅಂಥ ತೃಪ್ತಿಯ ಕ್ಷಣಗಳು ಕಡಿಮೆ.

ಸಂಜೆ ಹೆಂಡತಿ ಕೇಳಿದಳು, "ನೋಡಿದ್ರಾ ಅದನ್ನ?"

"ಇಟ್ಟಾಯ್ತಲ್ಲ."

"ಇಟ್ಟದ್ದಲ್ಲ, ನೋಡಿದ್ರಾ ಅಂತ ಕೇಳಿದ್ದು."

"ಎಲ್ಲಿಗೆ ಹೋಗುತ್ತೆ ಕಣೇ?"

ಅವಳು ಅವನನ್ನು ಒಂದು ಸಲ ಉದ್ದಕ್ಕೆ ನೋಡಿದಳು. ಆಮೇಲೆ ಕಪಾಟಿನ ಬುಡಕ್ಕೆ ತಾಗಿಸಿ ಸೂಟ್‌ಕೇಸು ತೆರೆದಿಟ್ಟು, ಬಟ್ಟೆ ಜೋಡಿಸುವುದನ್ನು ಮುಂದುವರಿಸಿದಳು. ಮುಚ್ಚಿ ಜಿಪ್ಪೆಳೆದು, ಮಳೆಯಲ್ಲಿ ಒಣಗದ ಟವೆಲೊಂದನ್ನು ಮುಚ್ಚಳದ ಮೇಲೆ ಹರವಿದಳು. ದಾರಿಗೆಂದು ಓಟ್ಸ್ ಬಿಸ್ಕತ್ತಿನ ಪೊಟ್ಟಣವನ್ನು ಪಕ್ಕದ ಜೇಬಿಗೆ ತುರುಕಿದಳು.

ಭಾನುವಾರ ಬೀಗಿತ್ತಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮನೆಯ ಮುಂದಿನ ಇಕ್ಕಟ್ಟಿನಲ್ಲಿ ಕಾರನ್ನು ಒಂದೇ ಸಲಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಒಳಗೆ ಬಂದು ಕುರ್ಚಿಯ ಮೇಲೆ ನೆಟ್ಟಗೆ ಕೂತರು. ಅಪ್ಪ ಅವರಿಗೆ ಮತ್ತೆ ಮತ್ತೆ ಕಾಯಿಸಿದ ಹಾಲಿನ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದು ಬೀಗಿತ್ತಿ ಬಲಗಾಲು ಒತ್ತಿದರು.

"ನಮ್ಮ ಹುಡುಗಿ ಹೇಳಿದ್ದು ಕೇಳಿದ್ದೀನಿ," ಎಂದರು. "ಅಳಿಯಂದಿರೇ, ಏನೋ ತೋರಿಸ್ತೀರಂತಲ್ಲ."

"ಬನ್ನಿ ಅತ್ತೆ," ಎಂದ ಕಲ್ಲುರಾಯ. ಅವನ ದನಿಯಲ್ಲಿ ಹಬ್ಬವಿತ್ತು.

ಎಲ್ಲರೂ ಮಲಗುವ ಕೋಣೆಗೆ ನುಗ್ಗಿದರು. ಅವನು ಡ್ರಾಯರಿನ ಹಿಡಿಗೆ ಕೈ ಹಾಕಿ, ಮಂತ್ರವಾದಿಯ ಹಾಗೆ ಒಂದು ಕ್ಷಣ ತಡೆದು, ಎಳೆದ.

ಶಂಖ ಇತ್ತು. ಮೀನಿನ ಬಾಲ ಇತ್ತು. ನಡುವೆ ಒದ್ದೆ ಪೇಪರು, ಹಲಗೆಯ ತುಂಡು, ಅಂಕಿ ಬರೆದ ಚೀಟಿ. ಹಳದಿ ಇರಲಿಲ್ಲ.

"ಇಲ್ಲೇ ಇಟ್ಟಿದ್ದೆ," ಎಂದ ಅವನು. ಪೇಪರು ಬಿಡಿಸಿದ, ಮತ್ತೆ ಸುತ್ತಿ, ಮತ್ತೆ ಬಿಡಿಸಿದ. "ಇಲ್ಲೇ ಇಟ್ಟಿದ್ದೆ ಅತ್ತೆ. ನಾನು ಇಟ್ಟದ್ದು ಯಾವತ್ತೂ ಹೀಗೆ..."

"ನಡೆಯುತ್ತೆ ಅಂತ ಹೇಳಿದ್ನಲ್ಲೋ," ಎಂದಳು ಅಣಬೆ ಅತ್ತಿಗೆ, ಹಣೆ ಚಚ್ಚಿಕೊಂಡು. "ಎಷ್ಟು ಸಲ ನೋಡಿದೆ?"

ಅವನು ನೆಲಕ್ಕೆ ಬಗ್ಗಿದ. ಬೀಗಿತ್ತಿಯ ಬಲಗಾಲು ನೆಲವನ್ನು ಗಟ್ಟಿಯಾಗಿ ಅದುಮಿತು. "ಒಂದು ಮುದ್ದೆ. ಕಾಲಿಲ್ಲದ್ದು. ಅದೂ ಈ ಮನೇಲಿ ನಿಲ್ಲಲಿಲ್ಲ. ಇನ್ನು ನನ್ನ ಮಗಳಿಗೆ ಹೇಳೋದೇನಿದೆ? ನಡಿಯಮ್ಮ."

ಕಲ್ಲುರಾಯ ನೆಲದ ಮೇಲೆ ಬಿದ್ದುಕೊಂಡಿದ್ದ. ಕೆನ್ನೆಯನ್ನು ಹಾಸುಗಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಡ್ರಾಯರಿನ ಅಂಚನ್ನು ನೋಡುತ್ತಿದ್ದ. ಅಲ್ಲಿಂದ ಒಣಗಿದ ಲೋಳೆಯ ತೆಳ್ಳನೆಯ ಗೆರೆಯೊಂದು ಹೊರಟಿತ್ತು. ಶಂಖದ ಕಡೆಗೆ ಹೋಗಿ, ತಿನ್ನಲು ಏನೂ ಸಿಗದೆ ಹಿಂದಿರುಗಿತ್ತು. ಮೀನಿನ ಕಡೆಗೆ ಹೋಗಿ ಹಿಂದಿರುಗಿತ್ತು. ಆಮೇಲೆ ಡ್ರಾಯರಿನ ಸಂದಿಯಿಂದ ಹೊರಗಿಳಿದು, ಕಪಾಟಿನ ಬುಡದಲ್ಲಿ ಸಾಗಿತ್ತು. ಅವನು ಮೊಣಕೈ ಊರಿ ಅದರ ಹಿಂದೆ ತೆವಳಿದ. ಅವನ ಹಿಂದೆ ಎಲೆಯಣ್ಣ ತೆವಳಿದ. ಅಣ್ಣನ ಹಿಂದೆ ಹುಳದಕ್ಕ. ವಯಸ್ಸಿನ ಗೌರವಕ್ಕೆ ಅಪ್ಪ ಬಗ್ಗಿ ನಡೆದರು.

ಗೆರೆ ಸೂಟ್‌ಕೇಸಿನ ಮೇಲೆ ಹತ್ತಿತ್ತು.

ಅಲ್ಲಿ ಅದು ಇತ್ತು, ಬಚ್ಚಲುಮನೆಯಲ್ಲಿದ್ದದ್ದಕ್ಕಿಂತ ಚೆನ್ನಾಗಿ, ತುಂಬಿಕೊಂಡು. ಒದ್ದೆ ಟವೆಲಿನ ಮೇಲೆ ಬೀಸಣಿಗೆ ಬಿಚ್ಚಿ, ಒಂದು ತೋಳನ್ನು ಬಿಸ್ಕತ್ತಿನ ಜೇಬಿಗೆ ಇಳಿಬಿಟ್ಟು, ಇನ್ನೊಂದನ್ನು ಜಿಪ್ಪಿನುದ್ದಕ್ಕೂ ಚಾಚಿ, ಹಲ್ಲು ಹಲ್ಲಿನ ನಡುವೆ ಬೆರಳು ತೂರಿಸಿ ಸೂಟ್‌ಕೇಸನ್ನು ತಬ್ಬಿಕೊಂಡು ಕೂತಿತ್ತು.

"ಆಹಾ," ಎಂದರು ಅಪ್ಪ.

ಹೆಂಡತಿ ಮುಂದೆ ಬಂದು ಹಿಡಿಗೆ ಕೈ ಹಾಕಿದಳು. "ಬಿಡಿ, ಟವೆಲ್ ಇಲ್ಲೇ ಬಿಟ್ಟು ಹೋಗ್ತೀನಿ."

"ಮುಟ್ಟಬೇಡಮ್ಮ!" ಎಂದರು ಅಪ್ಪ. "ಮನೆಯ ಕಟ್ಟಳೆ. ಅದರ ಶಾಸ್ತ್ರದೋರು ಬಿಟ್ಟು ಬೇರೆಯವರು ಮುಟ್ಟೋ ಹಾಗಿಲ್ಲ. ಈ ಜೀವಿ ಇವನದು. ಅವನು ತೆಗೀಬೇಕು. ಅವನು ತೆಗೆಯೋವರೆಗೂ ಸೂಟ್‌ಕೇಸ್ ಕದಲಿಸೋ ಹಾಗಿಲ್ಲ."

"ಯಾವ ಕಟ್ಟಳೆ ರೀ ಇದು?" ಎಂದರು ಬೀಗಿತ್ತಿ.

"ನಮ್ಮದು," ಎಂದಳು ಹುಳದಕ್ಕ.

"ಬಹಳ ಹಳೆಯದು," ಎಂದ ಎಲೆಯಣ್ಣ.

ಅವರೆಲ್ಲರೂ ಕಲ್ಲುರಾಯನ ಕಡೆಗೆ ಕಣ್ಣು ಮಿಟುಕಿಸಿದರು, ಒಬ್ಬರಿಗೊಬ್ಬರು ತಿಳಿಯದಂತೆ, ಎಲ್ಲರಿಗೂ ಕಾಣುವಂತೆ. ಅವನು ಸುಮ್ಮನೆ ಕೂತರೆ ಸಾಕಿತ್ತು. ಅದು ತಿನ್ನುತ್ತಿದೆ, ಬೆಳೆಯುತ್ತಿದೆ, ಈಗ ಕದಲಿಸಿದರೆ ಶಾಸ್ತ್ರಕ್ಕೆ ನಷ್ಟ ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಅವಳು ಹೋಗುವುದು ನಿಲ್ಲುತ್ತಿತ್ತು. ಈ ಭಾನುವಾರವಂತೂ ನಿಲ್ಲುತ್ತಿತ್ತು.

ಕಲ್ಲುರಾಯ ಆ ಹಳದಿಯನ್ನು ನೋಡಿದ. ಅವನು ಇಟ್ಟಲ್ಲಿ ತಿನ್ನಲು ಏನೂ ಇರಲಿಲ್ಲ. ಆದ್ದರಿಂದ ಅದು ಹೊರಟಿತು. ಸಿಟ್ಟಿಲ್ಲ, ಸದ್ದಿಲ್ಲ. ಕತ್ತಲಲ್ಲಿ, ಅಂಗುಲ ಅಂಗುಲವಾಗಿ, ಅವನು ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದ ಮಂಚದ ಪಕ್ಕದಲ್ಲೇ ಹಾದುಹೋಯಿತು.

"ಅತ್ತಿಗೆ," ಎಂದ, "ಒಂದು ತಟ್ಟೆ ಕೊಡಿ. ಚಪ್ಪಟೆ ಚಮಚ ಒಂದು."

"ಏನು ಮಾಡ್ತೀಯೋ?"

"ತೆಗೀತೀನಿ. ಅವಳು ಹೋಗಬೇಕು ಅಂದ್ರೆ ಹೋಗಲಿ. ಅಡ್ಡ ಕೂರೋದು ನೋಡಿಕೊಂಡ ಹಾಗಾಗಲ್ಲ."

ಎಲೆಯಣ್ಣ ತಮ್ಮನ ಬೆನ್ನಿಗೆ ತಿವಿದ. "ಮಂಕೇ, ಸುಮ್ನಿರೋ!" ಎಂದು ಪಿಸುಗುಟ್ಟಿದ್ದು ಬೀದಿಯಲ್ಲಿ ನಿಂತಿದ್ದ ಕಾರಿಗೂ ಕೇಳಿಸಿರಬೇಕು.

ಕಲ್ಲುರಾಯ ಸೂಟ್‌ಕೇಸಿನ ಮುಂದೆ ಮಂಡಿಯೂರಿ ಕೂತ. ಜಿಪ್ಪಿನ ಒಂದೊಂದೇ ಹಲ್ಲಿನಿಂದ ಹಳದಿಯನ್ನು ಬಿಡಿಸತೊಡಗಿದ. ಬಂಡೆಯಿಂದ ಎಲುಬು ಬಿಡಿಸಿ ಪಳಗಿದ ಕೈ, ಈ ಕೆಲಸದಲ್ಲಿ ಯಾರೂ ಹೆಸರಿಡುವಂತಿರಲಿಲ್ಲ. ಆದರೆ ಬೆಳಕು ಸಾಲದು. "ಸ್ವಲ್ಪ ಟಾರ್ಚ್ ಹಿಡೀತೀಯಾ?" ಎಂದ. ಹೆಂಡತಿ ಟಾರ್ಚು ಹಿಡಿದು ಅವನ ಪಕ್ಕದಲ್ಲೇ ಕೂತಳು. ಬಿಸ್ಕತ್ತಿನ ಜೇಬಿನೊಳಗಿನ ತೋಳೂ ಬಿಡಿಸಿದ ಮೇಲೆ ಅವನು ತಟ್ಟೆಯನ್ನು ಪಕ್ಕಕ್ಕಿಟ್ಟು, ಅದರ ಮೇಲೆ ಒಂದು ಬಿಸ್ಕತ್ತು ಪುಡಿ ಮಾಡಿ ಹಾಕಿ, ಬೆವರು ಒರೆಸಿಕೊಂಡು, ಹೆಂಡತಿಯ ಮುಖ ನೋಡಿದ. ನೋಡಿದವನು ನೋಡುತ್ತಲೇ ಇದ್ದ.

"ನಿನ್ನ ಕೂದಲು..." ಎಂದ.

"ಏನಾಯ್ತು?"

"ಗಿಡ್ಡ ಆಗಿದೆ."

ಹುಳದಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಕತ್ತರಿಸಿ ಒಂದು ತಿಂಗಳ ಮೇಲಾಯ್ತು," ಎಂದಳು ಹೆಂಡತಿ.

"ಅಷ್ಟೇನಾ?" ಎಂದ ಕಲ್ಲುರಾಯ, ನಿಜವಾಗಿಯೂ ಸಮಾಧಾನಗೊಂಡು. "ಸದ್ಯ. ಬಹಳ ತಡವಾಯ್ತೇನೋ ಅಂದುಕೊಂಡೆ."

ಮೊದಲು ಅವಳ ಕೈಯಲ್ಲಿದ್ದ ಟಾರ್ಚು ಅಲುಗಿತು. ಆಮೇಲೆ ಭುಜ. ಆಮೇಲೆ ಅವಳು ಕಪಾಟಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಕೋಟಿ ವರ್ಷಗಳನ್ನು ಚಿಟಿಕೆಯಲ್ಲಿ ಲೆಕ್ಕ ಹಾಕುವವನಿಗೆ ಒಂದು ತಿಂಗಳೆಂದರೆ ರೆಪ್ಪೆ ಬಡಿದಷ್ಟೇ ಅಲ್ಲವೇ. ಅವನ ಲೆಕ್ಕದಲ್ಲಿ ಅವನು ತಕ್ಷಣವೇ ನೋಡಿದ್ದ. ನಗು ಅಂಟುರೋಗ. ಅತ್ತಿಗೆ ನಕ್ಕಳು, ಅಕ್ಕ ನಕ್ಕಳು. ಅಪ್ಪ ಯಾತಕ್ಕೆಂದು ತಿಳಿಯದೆಯೂ ಜೊತೆಗೆ ನಕ್ಕರು.

ಬೀಗಿತ್ತಿ ನಗಲಿಲ್ಲ. ಆದರೆ ಬಲಗಾಲು ಮೇಲೆ ಬಂದಿತ್ತು. "ಈಗ ಹೊರಡ್ತೀಯೋ ಇಲ್ವೋ?"

ಹೆಂಡತಿ ಕಣ್ಣೊರೆಸಿಕೊಂಡು ಎದ್ದು ನಿಂತಳು. ದನಿ ಮತ್ತೆ ಕಾರು ಕಲಿಸುವವಳದಾಯಿತು.

"ಇರ್ತೀನಮ್ಮ. ಎರಡನೇ ಕಾರಿಗೆ ಬೆಳಿಗ್ಗೆ ಬೆಳಿಗ್ಗೆ ನಾನೇ ಬರ್ತೀನಿ, ಮಧ್ಯಾಹ್ನ ವಾಪಸ್ ಬಂದುಬಿಡ್ತೀನಿ. ಇಷ್ಟು ದಿನ ಹೋಗದೇ ಇದ್ದದ್ದು ಬಲ್ಬ್ ಬದಲಾಯಿಸೋರು ಯಾರೂ ಇರಲಿಲ್ಲ ಅಂತ." ಅವಳು ಸಭೆಯ ಕಡೆ ತಿರುಗಿದಳು. "ಮಾವ, ಜೀವ ಇಲ್ಲದ್ದನ್ನೂ ಇವತ್ತು ಹಂಚಬೇಕು. ಭಾವ, ಟ್ಯಾಂಕ್ ನಿಮ್ಮದು."

"ನನಗೆ ಏಣಿ ಅಂದ್ರೆ ತಲೆ ಸುತ್ತುತ್ತಮ್ಮ," ಎಂದ ಎಲೆಯಣ್ಣ.

"ಮರ ಹತ್ತಿ ಎಲೆ ಕೀಳುವಾಗ?"

"ಅದು ಶಾಸ್ತ್ರ."

"ಇದೂ ಶಾಸ್ತ್ರಾನೇ. ಫ್ಯಾನ್ ಅಕ್ಕಂದು. ಸಿಲಿಂಡರ್ ಅತ್ತಿಗೇದು. ಮಾವ, ನೀವು ಕಸ. ಅದರಲ್ಲಿ ಬೇಕಾದಷ್ಟು ಸೂಕ್ಷ್ಮಾಣು ಇರುತ್ತೆ, ಸಂತೋಷವಾಗಿರ್ತೀರಿ." ಕೊನೆಗೆ ಗಂಡನನ್ನು ನೋಡಿದಳು. "ಕಲ್ಲುಗಳ ಧೂಳು, ಈ ಹಳದಿ, ಮತ್ತೆ ಸ್ಕೂಟರು. ಮೂರೂ ನಿಮ್ಮದು. ದಿನಾ ನೋಡಬೇಕು. ಇಟ್ಟಾಯ್ತು ಅಂತ ಹೇಳೋ ಹಾಗಿಲ್ಲ."

"ನೋಡ್ತೀನಿ," ಎಂದ ಅವನು.

"ಮೊದಲು ಇದನ್ನ ಖಾಲಿ ಮಾಡಿ. ಬಟ್ಟೆಯೆಲ್ಲ ಬೀರುಗೆ ಇಡಿ."

ಕಲ್ಲುರಾಯ ಸೂಟ್‌ಕೇಸು ತೆರೆದ. ಅವನ ಕಸುಬಿನಲ್ಲಿ ಒಂದು ನಿಯಮವಿದೆ: ಮೇಲಿನ ಪದರ ಹೊಸದು, ಕೆಳಗಿನದು ಹಳೆಯದು, ತಳದಲ್ಲಿ ಸಿಕ್ಕಿದ್ದು ಎಲ್ಲಕ್ಕಿಂತ ಮೊದಲು ಬಂದು ಬಿದ್ದದ್ದು. ಆ ಅಭ್ಯಾಸಬಲದಿಂದ ಅವನು ಒಂದೊಂದೇ ಬಟ್ಟೆಯನ್ನು ಕ್ರಮವಾಗಿ ತೆಗೆದು, ಪದರ ಕೆಡದಂತೆ ಮಂಚದ ಮೇಲೆ ಜೋಡಿಸುತ್ತ ಹೋದ. ಮೇಲೆ ಕಾರು ಕಲಿಸುವಾಗ ತೊಡುವ ದಪ್ಪ ಬಟ್ಟೆಗಳು. ಅದರ ಕೆಳಗೆ ಸೀರೆಗಳು. ಅದರ ಕೆಳಗೆ ಮದುವೆಯ ಫೋಟೋ, ಮುಖ ಕೆಳಗಾಗಿ. ಎಲ್ಲಕ್ಕಿಂತ ತಳದಲ್ಲಿ, ನಾಲ್ಕು ಮಡಿಕೆ ಮಾಡಿ, ಮೊಣಕೈಯಲ್ಲಿ ತೂತು ಬಿದ್ದ ಅವನದೇ ಹಳೆಯ ಸ್ವೆಟರು.

ಅವನು ಅದನ್ನು ಎತ್ತಿ ಹಿಡಿದು, ತಳ ನೋಡಿ, ಮತ್ತೆ ಅದನ್ನು ನೋಡಿದ.

"ಮೊದಲು ಇಟ್ಟದ್ದು ಇದಾ?" ಎಂದ.

ಹೆಂಡತಿ ಸ್ವೆಟರನ್ನು ಅವನ ಕೈಯಿಂದ ಕಿತ್ತುಕೊಂಡಳು. "ಕನ್ನಡಿ ಒಡೀದಿರಲಿ ಅಂತ ಸುತ್ತೋಕೆ ಇಟ್ಟಿದ್ದೆ ರೀ. ಬೇರೆ ಏನೂ ಅಲ್ಲ."

ಬೀಗಿತ್ತಿ ಸೂಟ್‌ಕೇಸಿನೊಳಗೆ ಇಣುಕಿದರು. ಎಲೆಯಣ್ಣ, ಅತ್ತಿಗೆ, ಹುಳದಕ್ಕ, ಅಪ್ಪ, ಎಲ್ಲರೂ ಬಗ್ಗಿ ಇಣುಕಿದರು. ಸೂಟ್‌ಕೇಸು ಖಾಲಿಯಾಗಿತ್ತು.

"ಕನ್ನಡಿ ಎಲ್ಲಿದೆ?" ಎಂದ ಕಲ್ಲುರಾಯ.